ಒಂದೇ 485 ಲೈನ್, ಮೂರು ಕನ್ವರ್ಟರ್

ಆರ್‌ಎಸ್-485 ಅಂದರೆ ಹಲವು ಮೀಟರ್‌ಗಳನ್ನು ಒಂದೇ ಜೋಡಿ ವೈರ್ ಮೇಲೆ ಸೇರಿಸುವ ಸೀರಿಯಲ್ ಲೈನ್; ಅದನ್ನು ಕಂಪ್ಯೂಟರ್‌ಗೆ ಸೇರಿಸುವುದು ಕನ್ವರ್ಟರ್. ಹೊಸ ಮೀಟರ್‌ಗೆ ಮೇಜಿನ ಮೇಲೆ ವಿಳಾಸ ಹಾಕಲು ಇನ್ನೂರು ರೂಪಾಯಿ ಆಸುಪಾಸಿನ ಯುಎಸ್‌ಬಿ ಕನ್ವರ್ಟರ್ ಸಾಕು. ಪ್ಯಾನಲ್ ಮುಂದೆ ನಿಂತು ತೊಂದರೆ ಹುಡುಕಲು ಐಸೊಲೇಟೆಡ್ (ಎರಡು ಕಡೆಗೂ ನೇರ ವಿದ್ಯುತ್ ಸಂಪರ್ಕ ಇಲ್ಲದ) ಯುಎಸ್‌ಬಿ ಕನ್ವರ್ಟರ್ ಬೇಕು. ವರ್ಷಗಟ್ಟಲೆ ಓಡಬೇಕಾದ ಕಡೆ ಈಥರ್ನೆಟ್ ಗೇಟ್‌ವೇ, ಅಂದರೆ ಲೈನನ್ನು ನೆಟ್‌ವರ್ಕ್‌ಗೆ ಸೇರಿಸುವ ಪೆಟ್ಟಿಗೆ. ಮೂರನ್ನೂ ಒಂದೇ ಆರ್‌ಎಸ್-485 ಲೈನ್‌ಗೆ ಹಾಕಿ ನೋಡಿದ ಮೇಲೆ ನನ್ನ ಅಭಿಪ್ರಾಯ ಇದು.

ಲೈನ್ ಇರುವುದು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ಬೇರೆ ಬೇರೆ ಪ್ಯಾನಲ್‌ಗಳಲ್ಲಿ ಎಂಟು ಎನರ್ಜಿ ಮೀಟರ್, ತುದಿಯಲ್ಲಿ ಎರಡು ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಡ್ರೈವ್). ಎಲ್ಲವೂ ಮಾತಾಡುವ ಭಾಷೆ ಮಾಡ್‌ಬಸ್ ಆರ್‌ಟಿಯು, ವೇಗ 9600 ಬಾಡ್, ತಪ್ಪು ಹಿಡಿಯುವ ಬಿಟ್ ಈವನ್ ಪ್ಯಾರಿಟಿ.

ಲೈನ್ ಸರಿ ಇಲ್ಲದಿದ್ದರೆ ಯಾವ ಕನ್ವರ್ಟರ್ ಹಾಕಿದರೂ ಅಷ್ಟೇ. ಹಾಗಾಗಿ ಮೊದಲು ಮಲ್ಟಿಮೀಟರ್. ಎಲ್ಲಾ ಪವರ್ ಆಫ್ ಮಾಡಿ, ಲೈನ್‌ನ ಎರಡು ವೈರ್‌ಗಳಾದ ಎ ಮತ್ತು ಬಿ ನಡುವೆ ಓಮ್ ನೋಡಿ. ಎರಡು ತುದಿಯಲ್ಲೂ 120 ಓಮ್ ಟರ್ಮಿನೇಷನ್ (ಸಿಗ್ನಲ್ ತುದಿಯಿಂದ ಮರಳದಂತೆ ತಡೆಯುವ ರೆಸಿಸ್ಟರ್) ಇದ್ದರೆ ಸುಮಾರು 60 ತೋರಿಸಬೇಕು. 120 ಬಂದರೆ ಒಂದು ತುದಿಯಲ್ಲಿ ರೆಸಿಸ್ಟರ್ ಇಲ್ಲ, ಅಥವಾ ನಡುವೆ ಎಲ್ಲೋ ವೈರ್ ಬಿಟ್ಟಿದೆ. ಇಲ್ಲಿ ಬಂದದ್ದು 40. ಅಂದರೆ ಮೂರು ರೆಸಿಸ್ಟರ್. ಕೊನೆಯ ವಿಎಫ್‌ಡಿಯ ಜೊತೆಗೆ ಅದರ ಹಿಂದಿನದರಲ್ಲೂ ಟರ್ಮಿನೇಷನ್ ಡಿಪ್ ಸ್ವಿಚ್ ಆನ್ ಆಗಿತ್ತು. "ಸಾರ್, ಅದು ಬಂದಾಗಿಂದ ಹಂಗೇ ಇದೆ" ಅಂದರು ಅಲ್ಲಿನ ಎಲೆಕ್ಟ್ರಿಷಿಯನ್. ಎ, ಬಿ ಗುರುತನ್ನೂ ಜಾಸ್ತಿ ನಂಬಬೇಡಿ. ಒಬ್ಬ ತಯಾರಕರ ಎ ಪ್ಲಸ್ ಆದರೆ ಇನ್ನೊಬ್ಬರ ಎ ಮೈನಸ್. ಅದಲು ಬದಲು ಮಾಡಿ ನೋಡಿದರೆ ಏನೂ ಸುಟ್ಟು ಹೋಗುವುದಿಲ್ಲ.

ಅಗ್ಗದ ಯುಎಸ್‌ಬಿ ಕನ್ವರ್ಟರ್

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ನಲ್ಲಿ ಕೇಳಿದ ತಕ್ಷಣ ಸಿಗುತ್ತದೆ. ಹೆಚ್ಚಾಗಿ ಸಿಎಚ್340 ಚಿಪ್, ಎರಡು ಸ್ಕ್ರೂ ಟರ್ಮಿನಲ್. ಮೇಜಿನ ಮೇಲೆ ಒಂದು ಮೀಟರ್, ಒಂದು ಮೀಟರ್ ಉದ್ದದ ವೈರ್ ಇದ್ದಾಗ ಇದರ ಮೇಲೆ ದೂರು ಹೇಳಲು ಏನೂ ಇಲ್ಲ.

ಪ್ಯಾನಲ್‌ಗೆ ಹಾಕಿದಾಗ ಕಥೆ ಬೇರೆ. ವಿಎಫ್‌ಡಿ ಸ್ಟಾರ್ಟ್ ಆದ ಕೂಡಲೇ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಿಂದ ಕಾಮ್ ಪೋರ್ಟೇ (ಕನ್ವರ್ಟರ್‌ಗೆ ವಿಂಡೋಸ್ ಕೊಡುವ ಸೀರಿಯಲ್ ಪೋರ್ಟ್) ಮಾಯ. ಕಿತ್ತು ಮತ್ತೆ ಚುಚ್ಚಿದರೆ ಮಾತ್ರ ಬರುತ್ತದೆ. ಲ್ಯಾಪ್‌ಟಾಪ್‌ನ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿದಾಗ ಈ ಕಾಟ ಬಹಳ ಕಡಿಮೆಯಾಯಿತು. ಅಲ್ಲಿಗೆ ಕಾರಣ ಗೊತ್ತಾಯಿತು: ಚಾರ್ಜರ್‌ನ ಅರ್ಥ್ ಒಂದು ಕಡೆ, ಪ್ಯಾನಲ್‌ನ ಅರ್ಥ್ ಇನ್ನೊಂದು ಕಡೆ, ನಡುವೆ ಈ ಕನ್ವರ್ಟರ್ ಸೇತುವೆ. ವಿಎಫ್‌ಡಿಯ ನಾಯ್ಸ್ ಸೀದಾ ಯುಎಸ್‌ಬಿಗೆ ಬರುತ್ತದೆ.

ಇನ್ನೊಂದು ಕಿರಿಕಿರಿ. ಸಿಎಚ್340ಗೆ ಸಾಮಾನ್ಯವಾಗಿ ತನ್ನದೇ ಸೀರಿಯಲ್ ನಂಬರ್ ಇರುವುದಿಲ್ಲ. ಬೇರೆ ಯುಎಸ್‌ಬಿ ಸಾಕೆಟ್‌ಗೆ ಹಾಕಿದರೆ ವಿಂಡೋಸ್ ಹೊಸ ಕಾಮ್ ನಂಬರ್ ಕೊಡುತ್ತದೆ. ಮೀಟರ್‌ಗಳನ್ನು ಓದಿ ಪರದೆ ಮೇಲೆ ತೋರಿಸುವ ಸ್ಕಾಡಾ ಸಾಫ್ಟ್‌ವೇರ್ ಮಾತ್ರ ಹಳೇ ನಂಬರ್ ಹಿಡಿದುಕೊಂಡು ಕೂತಿರುತ್ತದೆ.

ಐಸೊಲೇಟೆಡ್ ಯುಎಸ್‌ಬಿ

ಬೆಲೆ ಹತ್ತು ಪಟ್ಟು ಅಂದುಕೊಳ್ಳಿ. ನನ್ನ ಹತ್ತಿರ ಇರುವುದು ಎಫ್‌ಟಿಡಿಐ ಕಂಪನಿಯ ಚಿಪ್‌ನದು. ಟರ್ಮಿನಲ್ ಮೂರು: ಎ, ಬಿ, ಗ್ರೌಂಡ್. ಯುಎಸ್‌ಬಿ ಕಡೆಗೂ 485 ಕಡೆಗೂ ತಾಮ್ರದ ಸಂಪರ್ಕವೇ ಇಲ್ಲ. ಅದೇ ವಿಎಫ್‌ಡಿ, ಅದೇ ಚಾರ್ಜರ್. ಪೋರ್ಟ್ ಅಲ್ಲಾಡಲಿಲ್ಲ.

485 ರಿಸೀವರ್ ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗಿನ ಕಾಮನ್ ಮೋಡ್ (ಎರಡೂ ವೈರ್‌ಗಳ ಮೇಲೆ ಸಮನಾಗಿ ಕೂರುವ ವೋಲ್ಟೇಜ್) ತಡೆದುಕೊಳ್ಳಬೇಕು ಅನ್ನುತ್ತದೆ ಸ್ಟ್ಯಾಂಡರ್ಡ್. ದೂರದ ಪ್ಯಾನಲ್‌ಗಳ ಅರ್ಥ್ ನಡುವಿನ ವ್ಯತ್ಯಾಸ ಇದನ್ನು ದಾಟುವುದು ಕಷ್ಟವೇನಲ್ಲ. ಅದಕ್ಕೇ ಮೂರನೇ ವೈರ್. ಅದನ್ನು ಮೀಟರ್‌ನ ಸಿಗ್ನಲ್ ಕಾಮನ್‌ಗೆ ಹಾಕಬೇಕು, ಪ್ಯಾನಲ್‌ನ ಅರ್ಥ್ ಬಾರ್‌ಗೆ ಅಲ್ಲ. "ಎರಡೇ ವೈರ್ ಸಾಕು ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಸಾಕಾಗುವವರೆಗೆ ಸಾಕು.

ಇದರಲ್ಲೂ ಒಂದು ಬದಲಾಯಿಸಬೇಕಾದದ್ದಿದೆ. ಎಫ್‌ಟಿಡಿಐ ಡ್ರೈವರ್‌ನ ಲೇಟೆನ್ಸಿ ಟೈಮರ್ (ಬಂದ ಬೈಟ್‌ಗಳನ್ನು ಕಂಪ್ಯೂಟರ್‌ಗೆ ಕೊಡುವ ಮೊದಲು ಕಾಯುವ ಸಮಯ) ಮೂಲದಲ್ಲಿ 16 ಮಿಲಿಸೆಕೆಂಡ್. 20 ರಿಜಿಸ್ಟರ್ (ಮೀಟರ್ ಒಳಗೆ ಅಂಕಿ ಇಡುವ 16 ಬಿಟ್ ಜಾಗ) ಓದಲು ಪ್ರಶ್ನೆ 8 ಬೈಟ್, ಉತ್ತರ 45 ಬೈಟ್. ಪ್ಯಾರಿಟಿ ಸೇರಿ ಪ್ರತಿ ಬೈಟ್‌ಗೆ 11 ಬಿಟ್ ಅಂದರೆ 9600ರಲ್ಲಿ ಸುಮಾರು 61 ಮಿಲಿಸೆಕೆಂಡ್. ಇದರ ಜೊತೆ 16 ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ 115200ರಲ್ಲಿ ಅದೇ ಓದಿಗೆ 5 ಮಿಲಿಸೆಕೆಂಡ್ ಸಾಕು. ಆಗ ಲೈನ್ ಮೇಲಿನ ಸಮಯದ ಮೂರು ಪಟ್ಟು ಸುಮ್ನೆ ಕಾಯುವುದಕ್ಕೇ ಹೋಗಬಹುದು. ಪೋರ್ಟ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್‌ನಲ್ಲಿ ಅದನ್ನು 1 ಮಾಡಿಬಿಡಿ.

ಅಂದ ಹಾಗೆ, ಎಕ್ಸೆಪ್ಷನ್ 02 (ಮಾಡ್‌ಬಸ್‌ನ ಒಂದು ತಪ್ಪಿನ ಸಂಕೇತ) ಬಂದರೆ ವೈರ್ ಮುಟ್ಟಬೇಡಿ. ಮೀಟರ್ ಉತ್ತರ ಕೊಡುತ್ತಿದೆ ಅಂದರೆ ಲೈನ್ ಸರಿ ಇದೆ. ನೀವು ಕೇಳಿದ ರಿಜಿಸ್ಟರ್ ಅಲ್ಲಿ ಇಲ್ಲ, ಅಷ್ಟೇ. ಮ್ಯಾನುಯಲ್‌ನ 40001 ಲೈನ್ ಮೇಲೆ 0 ಆಗುತ್ತದೆ, ಒಂದು ಕಡಿಮೆ ಮಾಡಿ ಕೇಳಿ ನೋಡಿ. ವೋಲ್ಟೇಜ್ 230 ಬರಬೇಕಾದ ಕಡೆ ಸೊನ್ನೆ ಬರುತ್ತಿದ್ದರೆ ಎರಡು ರಿಜಿಸ್ಟರ್‌ಗಳ ಕಚ್ಚಾ ಮೌಲ್ಯವನ್ನು ಹೆಕ್ಸ್‌ನಲ್ಲಿ ನೋಡಿ. 230.0 ಫ್ಲೋಟ್ (ಎರಡು ರಿಜಿಸ್ಟರ್ ಹಿಡಿಯುವ ದಶಾಂಶ ಸಂಖ್ಯೆ) ಆಗಿ 4366 0000. ಹಿಂದು ಮುಂದಾಗಿ 0000 4366 ಅಂತ ಓದಿದರೆ ಅದು ಎಷ್ಟು ಚಿಕ್ಕ ಸಂಖ್ಯೆ ಅಂದರೆ ಪರದೆ ಮೇಲೆ 0.00 ಅಂತಲೇ ಕಾಣುತ್ತದೆ. ವರ್ಡ್ ಸ್ವಾಪ್ ಆನ್ ಮಾಡಿದರೆ ಮುಗಿಯಿತು.

ಈಥರ್ನೆಟ್ ಗೇಟ್‌ವೇ

ಪ್ಯಾನಲ್ ಒಳಗಿನ ಡಿನ್ ರೈಲ್ (ಸಾಧನ ಕೂರಿಸುವ ಲೋಹದ ಪಟ್ಟಿ) ಮೇಲೆ ಕೂರುತ್ತದೆ, 24 ವೋಲ್ಟ್ ಡಿಸಿ. ಕಾಮ್ ಪೋರ್ಟ್ ಗೊಡವೆ ಇಲ್ಲ. ಸ್ಕಾಡಾ ಓದುತ್ತಿರುವಾಗಲೇ ನನ್ನ ಲ್ಯಾಪ್‌ಟಾಪ್‌ನಿಂದಲೂ ಓದಬಹುದು, ಗೇಟ್‌ವೇ ಇಬ್ಬರ ಪ್ರಶ್ನೆಗಳನ್ನೂ ಸರತಿಯಲ್ಲಿ ನಿಲ್ಲಿಸುತ್ತದೆ. ಯುಎಸ್‌ಬಿಯಲ್ಲಿ ಒಂದು ಕಾಮ್ ಪೋರ್ಟ್ ಹಿಡಿದವರು ಒಬ್ಬರೇ.

ಸೆಟಪ್‌ನಲ್ಲಿ ಕೈಕೊಡುವುದು ಮೋಡ್. "ಟಿಸಿಪಿ ಸರ್ವರ್" ಅಂತ ಇದ್ದರೆ ಅದು ಬಂದ ಬೈಟ್‌ಗಳನ್ನು ಹಾಗೇ ಲೈನ್‌ಗೆ ಸುರಿಯುತ್ತದೆ. ಸ್ಕಾಡಾ ನೆಟ್‌ವರ್ಕ್ ಮೇಲೆ ಬಳಸುವ ಮಾಡ್‌ಬಸ್ ಟಿಸಿಪಿಯಲ್ಲಿ ಮುಂದೆ 7 ಬೈಟ್ ಹೆಡರ್ ಇರುತ್ತದೆ, ಕೊನೆಯಲ್ಲಿ ಸಿಆರ್‌ಸಿ (ತಪ್ಪು ಹಿಡಿಯುವ ಬೈಟ್‌ಗಳು) ಇರುವುದಿಲ್ಲ. ಮೀಟರ್‌ಗೆ ಅದು ಕಸ. ಕಳಿಸುವ ಎಲ್‌ಇಡಿ ಮಿನುಗುತ್ತದೆ, ಬರುವ ಎಲ್‌ಇಡಿ ಸತ್ತಂತೆ ಇರುತ್ತದೆ. "ಮಾಡ್‌ಬಸ್ ಗೇಟ್‌ವೇ" ಮೋಡ್ ಆರಿಸಿ, ಪೋರ್ಟ್ 502.

ಆಮೇಲೆ ಟೈಮ್‌ಔಟ್, ಅಂದರೆ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ. ಇದರಷ್ಟು ತಲೆ ತಿಂದದ್ದು ಬೇರೆ ಯಾವುದೂ ಇಲ್ಲ. ಸ್ಕಾಡಾದಲ್ಲೂ 1 ಸೆಕೆಂಡ್, ಗೇಟ್‌ವೇಯಲ್ಲೂ 1 ಸೆಕೆಂಡ್ ಇತ್ತು. ಯಾರೋ ಒಂದು ಮೀಟರ್‌ನ ಸಪ್ಲೈ ತೆಗೆದರು. ಗೇಟ್‌ವೇ ಇನ್ನೂ ಆ ಮೀಟರ್‌ಗೆ ಕಾಯುತ್ತಿರುವಾಗಲೇ ಸ್ಕಾಡಾ ಕೈಬಿಟ್ಟು ಮುಂದಿನ ಪ್ರಶ್ನೆ ಕಳಿಸಿತು. ಸರತಿ ಹಿಂದೆ ಬಿತ್ತು. ಚೆನ್ನಾಗಿರುವ ಮೀಟರ್‌ಗಳೂ ಪರದೆ ಮೇಲೆ ಕೆಂಪಾದವು. ಗೇಟ್‌ವೇಗೆ 300 ಮಿಲಿಸೆಕೆಂಡ್, ಸ್ಕಾಡಾಗೆ 2 ಸೆಕೆಂಡ್ ಇಟ್ಟ ಮೇಲೆ ಸತ್ತ ಮೀಟರ್ ಒಂದೇ ಕೆಂಪು, ಅದೂ ಎಕ್ಸೆಪ್ಷನ್ 0ಬಿ ಜೊತೆ. ಗೇಟ್‌ವೇ ಇದೆ, ಹಿಂದಿನ ಸಾಧನ ಉತ್ತರಿಸುತ್ತಿಲ್ಲ ಅಂತ ಅದರ ಅರ್ಥ.

ಹಾಗಂತ ಮೊದಲ ದಿನವೇ ಗೇಟ್‌ವೇ ಹಾಕಿ ಶುರು ಮಾಡಬೇಡಿ. ಪ್ಯಾರಿಟಿ ತಪ್ಪಿದ್ದರೂ 0ಬಿ, ವಿಳಾಸ ತಪ್ಪಿದ್ದರೂ 0ಬಿ, ವೈರ್ ಬಿಟ್ಟಿದ್ದರೂ 0ಬಿ. ಐಸೊಲೇಟೆಡ್ ಯುಎಸ್‌ಬಿಯಲ್ಲಿ ಬಂದ ಬೈಟ್‌ಗಳು ಕಣ್ಣಿಗೆ ಕಾಣುತ್ತವೆ. ಏನೂ ಬರದಿರುವುದಕ್ಕೂ ಕಸ ಬರುವುದಕ್ಕೂ ಇರುವ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಗೇಟ್‌ವೇ ಕೊಳ್ಳುವಾಗ 485 ಪೋರ್ಟ್ ಐಸೊಲೇಟೆಡ್ ಇದೆಯಾ ಅಂತ ಕೇಳಿ. ಈಥರ್ನೆಟ್ ಕಡೆ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಅಲ್ಲಿ ಚಿಂತೆ ಇಲ್ಲ. ಆದರೆ ಕಡಿಮೆ ಬೆಲೆಯವುಗಳಲ್ಲಿ 485ರ ಗ್ರೌಂಡ್ ಮತ್ತು 24 ವೋಲ್ಟ್‌ನ ಮೈನಸ್ ಒಂದೇ ಆಗಿರಬಹುದು. ಆ 24 ವೋಲ್ಟ್ ಕೊಡುವ ಎಸ್‌ಎಂಪಿಎಸ್‌ಗೇ ರಿಲೇ, ಕಾಂಟ್ಯಾಕ್ಟರ್ ಕಾಯಿಲ್‌ಗಳೂ ಸೇರಿದ್ದರೆ ಅಗ್ಗದ ಕನ್ವರ್ಟರ್‌ನ ಕಾಟ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ.