ಮೂರು ದಿನದ ದಿನಸಿ: ಬ್ರಿಟನ್ನಿನ ಚರ್ಚುಗಳ ಫುಡ್‌ಬ್ಯಾಂಕ್ ಹೇಗಿದೆ?

ಬ್ರಿಟನ್ನಿನಲ್ಲಿ ಚರ್ಚುಗಳು ಕೂಡಿ ನಡೆಸುವ ಫುಡ್‌ಬ್ಯಾಂಕ್ (ಕಷ್ಟದಲ್ಲಿರುವವರಿಗೆ ದಾನದ ದಿನಸಿ ಹಂಚುವ ಕೇಂದ್ರ) ಎಂದರೆ ಹೆಚ್ಚಾಗಿ ಟ್ರಸೆಲ್ ಜಾಲದ್ದು. ಪ್ಯಾಡಿ ಮತ್ತು ಕ್ಯಾರೊಲ್ ಹೆಂಡರ್ಸನ್ ದಂಪತಿ 1997ರಲ್ಲಿ ಕಟ್ಟಿದ ಸಂಸ್ಥೆ ಇದು. ಮೊದಲ ಫುಡ್‌ಬ್ಯಾಂಕ್ 2000ದಲ್ಲಿ ಸಾಲ್ಸ್‌ಬರಿಯ ಅವರ ಮನೆಯ ಗ್ಯಾರೇಜು, ಹಿತ್ತಿಲ ಶೆಡ್ಡಿನಲ್ಲಿ ಶುರುವಾಯಿತು. ಒಂದು ಚರ್ಚಿನ ಕೈಲಾಗದ್ದನ್ನು ಅಕ್ಕಪಕ್ಕದ ನಾಲ್ಕೈದು ಸೇರಿ ಹಂಚಿಕೊಳ್ಳುತ್ತವೆ. ಒಂದರ ಹಾಲ್ ಗೋದಾಮಾದರೆ, ಇನ್ನೊಂದರಲ್ಲಿ ಮಂಗಳವಾರ ವಿತರಣೆ, ಮತ್ತೊಂದರಲ್ಲಿ ಶುಕ್ರವಾರ. ದುಡಿಯುವ ಕೈಗಳು ಎಲ್ಲ ಕಡೆಯವು.

ಹೋಗಿ ನಿಂತ ತಕ್ಷಣ ಚೀಲ ಸಿಗುವುದಿಲ್ಲ, ಸಾಮಾನ್ಯವಾಗಿ ವೋಚರ್, ಅಂದರೆ ಶಿಫಾರಸು ಚೀಟಿ ಬೇಕು. ಅದನ್ನು ಕೊಡುವವರು ಜಿಪಿ ಎನ್ನುವ ಸ್ಥಳೀಯ ಡಾಕ್ಟರು, ಮಕ್ಕಳ ಶಾಲೆ, ಎಳೆಮಕ್ಕಳ ಮನೆಗೆ ಬರುವ ನರ್ಸ್ (ಹೆಲ್ತ್ ವಿಸಿಟರ್), ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್‌ನಂಥವರು. ಮನೆಯಲ್ಲಿ ದೊಡ್ಡವರೆಷ್ಟು, ಮಕ್ಕಳ ವಯಸ್ಸೆಷ್ಟು, ಯಾವ ಆಹಾರ ಆಗದು, ಅಡುಗೆಗೆ ಒಲೆ ಇದೆಯೇ ಎಂದು ಕೇಳುತ್ತಾರೆ. ಎಡವಟ್ಟಾಗುವುದು ಇಲ್ಲೇ. ತಲೆ ಲೆಕ್ಕ ನೋಡಿಯೇ ಚೀಲ ತುಂಬುವುದರಿಂದ, ವೋಚರಿನಲ್ಲಿ ಮಕ್ಕಳ ಸಂಖ್ಯೆ ಬಿಟ್ಟುಹೋದರೆ ದೊಡ್ಡವರ ಪಾಲಷ್ಟೇ ಕೈಗೆ ಬರುತ್ತದೆ. ಡೈಪರಿನ ಸೈಜನ್ನೂ ಆಗಲೇ ಹೇಳಿಬಿಡುವುದು ಒಳ್ಳೆಯದು.

ಚೀಲದಲ್ಲಿ ಸೀರಿಯಲ್, ಪಾಸ್ತಾ, ಅಕ್ಕಿ, ಬೇಳೆಕಾಳು, ಸೂಪ್, ಡಬ್ಬಿಯ ಟೊಮ್ಯಾಟೊ, ತರಕಾರಿ, ಹಣ್ಣು, ಮೀನು ಅಥವಾ ಮಾಂಸ, ಬಿಸ್ಕತ್ತು, ಚಹಾ, ಕೆಡದ ಯುಎಚ್‌ಟಿ ಹಾಲು ಇರುತ್ತವೆ. ಇದೆಲ್ಲ ಮೂರು ದಿನಕ್ಕೆ. ತಾಜಾ ತರಕಾರಿ ಅಪರೂಪ, ಏಕೆಂದರೆ ಹೆಚ್ಚಿನ ಗೋದಾಮುಗಳಲ್ಲಿ ತಂಪು ಕೋಣೆ ಇಲ್ಲ. ಸಸ್ಯಾಹಾರಿಗಳು ಮೊದಲೇ ಹೇಳಬೇಕು, ಹೇಳಿದ ಮೇಲೂ ಜೆಲ್ಲಿ ಪೊಟ್ಟಣದ ಲೇಬಲ್ ಓದಬೇಕು, ಅದರಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರಬಹುದು. ಕೆಂಪು ಮಸೂರ್ ಬೇಳೆ, ಡಬ್ಬಿ ಟೊಮ್ಯಾಟೊ ಎರಡೂ ಸಿಕ್ಕಿದರೆ ಸಾರು ಮಾಡಲು ಅಡ್ಡಿಯಿಲ್ಲ. ಸಾಸಿವೆ, ಸಾರಿನ ಪುಡಿ ಮಾತ್ರ ಮನೆಯದೇ ಆಗಬೇಕು.

ಗೋದಾಮಿನ ಶಿಸ್ತಿಗೆ ಪೂರ್ತಿ ಅಂಕ ಕೊಡಬೇಕು. ಬಂದ ದಾನವನ್ನೆಲ್ಲ ಮೊದಲು ತೂಕ ಹಾಕಿ ಬರೆದುಕೊಳ್ಳುತ್ತಾರೆ. ಆಮೇಲೆ ಪ್ರತಿ ಡಬ್ಬಿಯನ್ನೂ ಬುಡಮೇಲು ಮಾಡಿ, ಇರುವೆ ಸಾಲಿನಂಥ ಅಕ್ಷರದಲ್ಲಿರುವ ತಾರೀಖು ಹುಡುಕಿ, ತಿಂಗಳು ವರ್ಷವನ್ನು ದಪ್ಪ ಮಾರ್ಕರಿನಲ್ಲಿ ಮೇಲೆ ಬರೆದು, ಅದೇ ತಾರೀಖಿನ ಕ್ರೇಟಿಗೆ ಸೇರಿಸುತ್ತಾರೆ. ಹತ್ತಿರದ ತಾರೀಖಿನದು ಮೊದಲು ಹೊರಗೆ. ಮೈಯಲ್ಲಿ ಚಿಕ್ಕ ನೆಗ್ಗಿದ್ದರೆ ನಡೆಯುತ್ತದೆ, ಅಂಚಿನ ಬೆಸುಗೆಯ ಮೇಲೆ ನೆಗ್ಗಿದ್ದರೆ ಕಸಕ್ಕೆ, ಏಕೆಂದರೆ ಅಲ್ಲಿ ಗಾಳಿ ಹೊಕ್ಕು ಒಳಗಿನದು ಕೆಟ್ಟಿರಬಹುದು.

ಪ್ರಿಪೇ ಮೀಟರಿನಲ್ಲಿ ದುಡ್ಡು ಮುಗಿದು ಗ್ಯಾಸು ನಿಂತಿರುವ ಮನೆಗೆ ಅಕ್ಕಿ ಕೊಟ್ಟು ಏನು ಪ್ರಯೋಜನ? ಅಂಥವರಿಗೆ ಕೆಟಲ್ ಪೊಟ್ಟಣ ಕೇಳಬಹುದು, ಕುದಿನೀರು ಹುಯ್ದರೆ ಸಾಕಾಗುವಂಥ ತಿನಿಸು. ಕೆಲವು ಕೇಂದ್ರಗಳಲ್ಲಿ ಇಂಧನದ ವೋಚರೂ ಸಿಗುತ್ತದೆ.

ಕೊರತೆಯೂ ಇದೆ. ವಿತರಣೆ ಹೆಚ್ಚಾಗಿ ಹಗಲು ಹೊತ್ತು, ವಾರಕ್ಕೆರಡು ಸಲ, ಎರಡೆರಡು ತಾಸು. ಕೂಲಿ ಬಿಟ್ಟು ಬರಲಾಗದವರಿಗೆ ಬಾಗಿಲು ಮುಚ್ಚಿದ ಹಾಗೆಯೇ. ಅದಕ್ಕಿಂತ ದೊಡ್ಡದು ಲೆಕ್ಕ ಹೊಂದದಿರುವುದು: ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ಭತ್ಯೆಗೆ ಅರ್ಜಿ ಹಾಕಿದವರಿಗೆ ಮೊದಲ ಹಣ ಬರಲು ಸುಮಾರು ಐದು ವಾರ, ಇಲ್ಲಿ ಸಿಗುವುದು ಮೂರು ದಿನದ್ದು. ಪದೇಪದೇ ವೋಚರ್ ಬಂದರೆ ಎಷ್ಟೋ ಕೇಂದ್ರಗಳು ಕಳಿಸಿದ ಸಂಸ್ಥೆಗೆ ಫೋನ್ ಮಾಡಿ ವಿಚಾರಿಸುತ್ತವೆ. ಉದ್ದೇಶ ಸಾಲ, ಭತ್ಯೆಯ ಸಲಹೆ ಕೊಡಿಸುವುದೇ ಇರಬಹುದು, ಹಸಿದವರ ಕಿವಿಗೆ ಅದು ಪಾಟೀಸವಾಲಿನಂತೆಯೇ ಕೇಳುತ್ತದೆ.

ಚರ್ಚಿನ ಹಾಲ್‌ನಲ್ಲಿ ನಡೆದರೂ ಮತ ಯಾವುದೆಂದು ಕೇಳುವುದಿಲ್ಲ. ಪ್ರಾರ್ಥನೆ ಮಾಡಲೇ ಎಂದು ಯಾರಾದರೂ ಕೇಳಿದರೆ ಬೇಡ ಎನ್ನಬಹುದು, ಚೀಲ ಕಡಿಮೆಯಾಗುವುದಿಲ್ಲ. ಓದಲು ಹೋದ ನಮ್ಮ ಹುಡುಗ ಹುಡುಗಿಯರು ವೀಸಾದ ಷರತ್ತು ನೆನೆದು ಹೆದರುತ್ತಾರೆ. ಹೆದರಬೇಕಿಲ್ಲ: ಇದು ದಾನದ ದಿನಸಿ, ವೀಸಾದಲ್ಲಿ ನಿಷೇಧಿಸಿರುವ ಸರ್ಕಾರಿ ಭತ್ಯೆಗಳ ಲೆಕ್ಕಕ್ಕೆ ಬರುವುದಿಲ್ಲ.

ದಾನ ಕೊಡುವವರು ಪಾಸ್ತಾ, ಬೇಕ್ಡ್ ಬೀನ್ಸ್ ಬಿಟ್ಟು ಬೇರೆ ಯೋಚಿಸಲಿ, ಅವು ಬೇಕಾದಷ್ಟು ಬಂದು ಬಿದ್ದಿರುತ್ತವೆ. ಹಾಲು, ಹಣ್ಣಿನ ರಸ, ಶಾಂಪೂ ಬೇಗ ಖಾಲಿಯಾಗುತ್ತವೆ. ಚೀಲ ಒಯ್ಯುವವರು ಗಟ್ಟಿ ಹಿಡಿಕೆಯ ಚೀಲ ತನ್ನಿ: 400 ಗ್ರಾಂನ ಹತ್ತು ಡಬ್ಬಿಯೇ ನಾಲ್ಕು ಕಿಲೋ, ಅದರ ಮೇಲೆ ಹಾಲಿನ ಪೊಟ್ಟಣ ಬೇರೆ.