ಉಲ್ಲಾಸ್ ಸಾಕ್ಷರತೆ ಕಾರ್ಯಕ್ರಮ: ನನ್ನ ಕಡೆಯಿಂದ ಐದಕ್ಕೆ ಮೂರು ಸ್ಟಾರ್

ದೊಡ್ಡವರಿಗೆ ಓದು-ಬರಹ ಕಲಿಸುವ, ಕೇಂದ್ರ ಸರ್ಕಾರದ ಉಲ್ಲಾಸ್ ಕಾರ್ಯಕ್ರಮಕ್ಕೆ ಸ್ವಯಂಸೇವಕರಾಗಿ ಸೇರಬೇಕೋ ಬೇಡವೋ ಅಂತ ಯೋಚಿಸುತ್ತಿದ್ದರೆ, ಸೇರಿ. ಆದರೆ ಜೇಬು ನೋಡಿಕೊಂಡು ಸೇರಿ.

ಚೆನ್ನಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. 15 ವರ್ಷ ದಾಟಿದ, ಓದು-ಬರಹ ಬಾರದ ಯಾರಿಗಾದರೂ ಕಲಿಸಬಹುದು. ಹೆಸರು ಬರೆಸಲು 2023ರಿಂದ ಆ್ಯಪ್ ಇದೆ, ಪಾಠಗಳು ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದಲ್ಲಿ ಪುಕ್ಕಟೆ ಸಿಗುತ್ತವೆ. ಕೊನೆಗೆ 150 ಅಂಕದ ಪರೀಕ್ಷೆ. ಓದು, ಬರಹ, ಲೆಕ್ಕ, ತಲಾ 50. ಪಾಸಾದವರಿಗೆ ಪ್ರಮಾಣಪತ್ರ. "ಈ ವಯಸ್ಸಲ್ಲಿ ಎಂಥಾ ಪರೀಕ್ಷೆ" ಅಂತ ನಗುತ್ತಿದ್ದವರೇ ಪರೀಕ್ಷೆ ದಿನ ಎಲ್ಲರಿಗಿಂತ ಮುಂಚೆ ಬಂದು ಕೂತಿರುತ್ತಾರೆ.

ಈಗ ದುಡ್ಡಿನ ವಿಷಯ. 2022-23ರಿಂದ 2026-27ರವರೆಗೆ, ಐದು ವರ್ಷಕ್ಕೆ ಇಟ್ಟಿರುವುದು 1,037.90 ಕೋಟಿ ರೂಪಾಯಿ. ಅದರಲ್ಲಿ 700 ಕೋಟಿ ಕೇಂದ್ರದ್ದು, ಉಳಿದದ್ದು ರಾಜ್ಯಗಳದ್ದು. ಕೇಳಲು ದೊಡ್ಡ ಮೊತ್ತವೇ. ಆದರೆ ಗುರಿ 5 ಕೋಟಿ ಜನ, ಭಾಗಿಸಿ ನೋಡಿ, ತಲೆಗೆ ಸುಮಾರು 207 ರೂಪಾಯಿ. ತರಬೇತಿ, ಪ್ರಚಾರ, ಪರೀಕ್ಷೆ ಎಲ್ಲ ಅದರಲ್ಲೇ ಆಗಬೇಕು. ಕಲಿಸುವವರಿಗೆ ಸಂಬಳವಿಲ್ಲ. ಹಿಂದಿನ ಸಾಕ್ಷರತಾ ಯೋಜನೆ ಸಾಕ್ಷರ ಭಾರತ್‌ನಲ್ಲಿ, ಊರಿನ ಕಲಿಕಾ ಕೇಂದ್ರ ನೋಡಿಕೊಳ್ಳುತ್ತಿದ್ದ ಪ್ರೇರಕರಿಗೆ ತಿಂಗಳಿಗೆ 2,000 ರೂಪಾಯಿ ಗೌರವಧನವಾದರೂ ಇತ್ತು, 2018ರ ಮಾರ್ಚ್‌ಗೆ ಅದೂ ಮುಗಿಯಿತು. ಸೇವೆ ಅಂದಮೇಲೆ ದುಡ್ಡು ಕೇಳಬಾರದು ಅನ್ನುವವರು ಒಂದು ತಿಂಗಳು ಸಂಜೆ ಹೊತ್ತು ಬಂದು ಕಲಿಸಲಿ, ಆಮೇಲೆ ಮಾತಾಡೋಣ.

ನನಗೆ ಗೌರವಧನಕ್ಕಿಂತ ಜಾಸ್ತಿ ಬೇಕು ಅನ್ನಿಸಿದ್ದು ಕನ್ನಡಕ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ, ಅಲ್ವಾ? ಹೊಲದ ಕೆಲಸ ಮುಗಿಸಿ, ಅಡುಗೆ ಮಾಡಿಟ್ಟು, ಮಂದ ಬಲ್ಬಿನ ಕೆಳಗೆ ಕೂತ ಹೆಂಗಸು "ನನ್ನ ತಲೆಗೆ ಹತ್ತಲ್ಲ ಬಿಡಿ" ಅಂದರೆ ಎಷ್ಟೋ ಸಲ ತಲೆಯದ್ದೇನೂ ತಪ್ಪಿರುವುದಿಲ್ಲ, ಕಣ್ಣಿಗೆ ಕಾಣುತ್ತಿರುವುದಿಲ್ಲ ಅಷ್ಟೇ. ಅಗ್ಗದ ಓದುವ ಕನ್ನಡಕ ಹಾಕಿಸಿದರೆ ಗೃಹಲಕ್ಷ್ಮಿ ದುಡ್ಡು ಬಂತಾ ಅಂತ ಪಾಸ್‌ಬುಕ್ಕನ್ನು ತಾವೇ ಹಿಡಿದು ನೋಡುತ್ತಾರೆ. ಇನ್ನು ನೋಟ್‌ಬುಕ್, ಪೆನ್ಸಿಲ್, ಒಳ್ಳೆ ಬಲ್ಬು, ತಾಯಂದಿರು ಓದುವಾಗ ಮಕ್ಕಳನ್ನು ನೋಡಿಕೊಳ್ಳುವವರು. ಇವೆಲ್ಲ ಸ್ವಯಂಸೇವಕರ ತಲೆಗೇ ಬರುತ್ತವೆ.

ದಾನಿಗಳ ಸಹಾಯ ಕೇಳಿದ್ದೂ ಆಯಿತು. ನಮ್ಮ ಕಡೆಯ ಒಂದು ಸಂಘದವರು ಬ್ಯಾನರ್, ಶಾಲು, ಹಣ್ಣಿನ ಬುಟ್ಟಿ ತಂದು ಫೋಟೊ ತೆಗೆಸಿಕೊಂಡು ಹೋದರು. ನೋಟ್‌ಬುಕ್ ಕೊನೆಗೂ ಬರಲಿಲ್ಲ. ಆ ಬ್ಯಾನರ್ ಹಿಂದಿನ ಬಿಳಿ ಕಡೆ ಈಗ ನಮಗೆ ಅಕ್ಷರದ ಚಾರ್ಟು, ಅಷ್ಟರಮಟ್ಟಿಗೆ ಉಪಕಾರವೇ.

2011ರ ಜನಗಣತಿ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು 52%. ರಾಜ್ಯದ ಸರಾಸರಿ 75% ಮೇಲಿತ್ತು. ಇಂಥ ಕಡೆಗೂ ಬೆಂಗಳೂರಿಗೂ ಒಂದೇ ತಕ್ಕಡಿ ಹಿಡಿದರೆ ಆಗದು, ಅಲ್ಲಿಗೆ ಜಾಸ್ತಿ ದುಡ್ಡು ಬೇಕು.

ಎರಡು ಸ್ಟಾರ್ ಕಳೆದಿದ್ದು ಈ ದುಡ್ಡಿನ ಬಿಗಿಗೆ. ಕಲಿಸಲು ಪುರುಸೊತ್ತಿಲ್ಲದವರು ಹತ್ತಿರದ ತರಗತಿಗೆ ಹೋಗಿ, ಯಾರಿಗೆ ಯಾವ ನಂಬರಿನ ಕನ್ನಡಕ ಬೇಕು ಅಂತ ಕೇಳಿ ಕೊಡಿಸಿ. ಶಾಲು ಬೇಡ.