ಬೀಗ ಯಾರ ಕೈಯಲ್ಲಿ? ಒಂದೇ ಫೈಲಿಗೆ ನಾಲ್ಕು ಬಗೆಯ ಲಾಕ್

ಬದಿಯಡ್ಕ ಕಡೆಯ ಒಂದು ಅಡಿಕೆ ಖರೀದಿ ಅಂಗಡಿ ಎಣಿಸಿಕೊಳ್ಳಿ. ಒಂದು ಲಿನಕ್ಸ್ ಕಂಪ್ಯೂಟರ್, ಎರಡು ಕೌಂಟರ್. ಒಂದರಲ್ಲಿ ಹೊಸ ಚಾಲಿ, ಇನ್ನೊಂದರಲ್ಲಿ ಪಟೋರ. ರಶೀದಿ ನಂಬರು ಮಾತ್ರ ಎರಡಕ್ಕೂ ಒಂದೇ ಫೈಲಿನಿಂದ: ಓದು, ಒಂದು ಕೂಡಿಸು, ಬರೆ. ಲಾಕ್ ಎಂದರೆ ಒಬ್ಬನ ಕೆಲಸ ಮುಗಿಯುವ ತನಕ ಇನ್ನೊಬ್ಬನನ್ನು ಕಾಯಿಸುವ ವ್ಯವಸ್ಥೆ. ಅದಿಲ್ಲದಿದ್ದರೆ ಇಬ್ಬರು ಕೃಷಿಕರಿಗೆ ಒಂದೇ ನಂಬರು ಹೋಗಬಹುದು. ಪರೀಕ್ಷೆ ಸುಲಭ. ಎರಡು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ತಲಾ 10,000 ಸಲ ಕೂಡಿಸಲಿ. ಕೊನೆಗೆ 20,000 ಸಿಗಬೇಕು.

ಲಾಕ್‌ಫೈಲ್ ಎಲ್ಲರೂ ಮೊದಲು ಹಿಡಿಯುವ ದಾರಿ: ಓ-ಎಕ್ಸ್‌ಸಿಎಲ್ (O_EXCL, ಫೈಲು ಮೊದಲೇ ಇದ್ದರೆ ಸೃಷ್ಟಿಸಲು ಬಿಡದ ಸೂಚನೆ) ಹಾಕಿ ಫೈಲು ಸೃಷ್ಟಿಸುವುದು, ಕೆಲಸ ಮುಗಿದ ಮೇಲೆ ಅಳಿಸುವುದು. ಲೆಕ್ಕವೇನೋ ಸರಿ ಬರುತ್ತದೆ. ಆದರೆ ಮಳೆಗಾಲದಲ್ಲಿ ಕರೆಂಟು ಹೋದರೆ ಅಳಿಸುವವರು ಯಾರು? ಬೆಳಗ್ಗೆ ಎರಡೂ ಕೌಂಟರ್ ಬಂದ್. ಒಳಗೆ ಪಿಐಡಿ (ಪ್ರೋಸೆಸ್‌ನ ಗುರುತಿನ ನಂಬರು) ಬರೆದಿಟ್ಟರೂ ಅದೇ ನಂಬರು ಈಗ ಬೇರೆ ಪ್ರೋಗ್ರಾಮಿನದ್ದಾಗಿರಬಹುದು.

ಎರಡನೆಯದು ಎಫ್‌ಲಾಕ್ (flock), ಲಿನಕ್ಸೇ ಕೊಡುವ ಲಾಕ್. ಇದರಲ್ಲಿ ಈ ತಲೆನೋವಿಲ್ಲ. ಪ್ರೋಸೆಸ್ ಸತ್ತರೆ ಕರ್ನಲ್ಲೇ (ಲಿನಕ್ಸಿನ ತಿರುಳು) ಬಿಡಿಸುತ್ತದೆ. ರಾತ್ರಿಯ ಬ್ಯಾಕಪ್ ಸ್ಕ್ರಿಪ್ಟಿಗೆ ಇದೇ ಸಾಕು. ಹಿಡಿದರೆ ಇಡೀ ಫೈಲನ್ನೇ ಹಿಡಿಯುತ್ತದೆ, ಅಷ್ಟೆ. ಓದುವ ಲಾಕನ್ನು ಬರೆಯುವ ಲಾಕಿಗೆ ಏರಿಸುವಾಗ ಜಾಗ್ರತೆ: ಹಳೆಯದನ್ನು ಬಿಟ್ಟೇ ಹೊಸದನ್ನು ಕೇಳುತ್ತದೆ. ನಡುವೆ ಇನ್ನೊಬ್ಬ ನುಗ್ಗಬಹುದು, ಹಾಗಾಗಿ ಓದಿದ್ದನ್ನು ಮತ್ತೆ ಓದಬೇಕು.

ಫೈಲಿನ ಮೊದಲ 8 ಬೈಟು ಮಾತ್ರ ಹಿಡಿಯಬೇಕೆಂದರೆ ಮೂರನೆಯದು, ಎಫ್‌ಸಿಎನ್‌ಟಿಎಲ್ (fcntl). ಕೈ ಸುಟ್ಟುಕೊಳ್ಳುವುದೂ ಇಲ್ಲೇ, ಏಕೆಂದರೆ ಇದರ ಒಡೆತನ ಪ್ರೋಸೆಸ್‌ನದ್ದು. ಎರಡು ಪ್ರೋಸೆಸ್ ಬದಲು ಒಂದೇ ಪ್ರೋಸೆಸ್‌ನ ಎರಡು ಥ್ರೆಡ್‌ಗಳಿಂದ (ಒಳಗೇ ಒಟ್ಟಿಗೆ ಓಡುವ ಎಳೆಗಳಿಂದ) ಪರೀಕ್ಷೆ ಓಡಿಸಿ: ಇಬ್ಬರಿಗೂ ಲಾಕ್ ಸಿಗುತ್ತದೆ, ಮೊತ್ತ 20,000 ಮುಟ್ಟುವುದಿಲ್ಲ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಸಿಗುವ ನಂಬರು) 3ರಲ್ಲಿ ಲಾಕ್ ಹಿಡಿದಿದ್ದೀರಿ. ಯಾವುದೋ ಲೈಬ್ರರಿ ಅದೇ ಫೈಲನ್ನು 4 ಎಂದು ತೆರೆದು, ಓದಿ, ಮುಚ್ಚುತ್ತದೆ. ಅಲ್ಲಿಗೆ 3ರ ಲಾಕೂ ಹೋಯಿತು! ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಸದ್ಯದ ಲಾಕ್‌ಗಳ ಪಟ್ಟಿ ಇರುವ ‘ಪ್ರಾಕ್’ ಕೆಳಗಿನ ‘ಲಾಕ್ಸ್’ ಫೈಲನ್ನು (/proc/locks), 4ನ್ನು ಮುಚ್ಚುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನೋಡಿದರೆ ಒಂದು ಸಾಲು ಮಾಯವಾದದ್ದು ಕಾಣುತ್ತದೆ.

ಇದಕ್ಕೆ ಮದ್ದಾಗಿ 2014ರ ಲಿನಕ್ಸ್ 3.15ರಲ್ಲಿ ಬಂದದ್ದು ನಾಲ್ಕನೆಯದು, ಓಎಫ್‌ಡಿ (ಓಪನ್ ಫೈಲ್ ಡಿಸ್ಕ್ರಿಪ್ಶನ್) ಲಾಕ್. ಬೈಟುಗಳ ಲೆಕ್ಕ ಎಫ್‌ಸಿಎನ್‌ಟಿಎಲ್‌ನದ್ದೇ, ಒಡೆತನ ಮಾತ್ರ ಪ್ರೋಸೆಸ್‌ನದ್ದಲ್ಲ, ಫೈಲನ್ನು ತೆರೆದ ಆ ಒಂದು ಸಲದ್ದು. ಕೌಂಟರ್ ಪ್ರೋಗ್ರಾಮಿಗೆ ನಮ್ಮ ಆಯ್ಕೆ ಇದೇ. ಪ್ರತಿ ಥ್ರೆಡ್ ಫೈಲನ್ನು ತಾನೇ ತೆರೆಯಬೇಕು. ಡಪ್ (dup, ಡಿಸ್ಕ್ರಿಪ್ಟರಿನ ನಕಲು) ಮಾಡಿದರೆ ಲಾಕ್ ಹಂಚಿಹೋಗುತ್ತದೆ. ಲಾಕ್ ಕೇಳುವಾಗ ಕೊಡುವ ಎಲ್-ಪಿಐಡಿ (l_pid) ಎಂಬ ಜಾಗದಲ್ಲಿ ಸೊನ್ನೆ ಇಡದಿದ್ದರೆ ಕರೆಯೇ ತಿರಸ್ಕೃತ. ಡೆಡ್‌ಲಾಕ್ ಪತ್ತೆ ಇದರಲ್ಲಿಲ್ಲ. ಇಬ್ಬರು ಎದುರುಬದುರಾಗಿ ಸಂಕ ಹತ್ತಿದರೆ ಇಬ್ಬರೂ ನಡುವೆ ನಿಂತೇ ಇರಬೇಕಾದ ಕಥೆ. ಎರಡು ಕಡೆ ಲಾಕ್ ಬೇಕಿದ್ದರೆ ಚಿಕ್ಕ ಆಫ್‌ಸೆಟ್ (ಫೈಲಿನ ಆರಂಭದಿಂದ ಎಷ್ಟನೇ ಬೈಟು ಎಂಬುದು) ಮೊದಲು ಎಂಬ ನಿಯಮ ಎಲ್ಲರಿಗೂ ಒಂದೇ ಇರಲಿ. ‘ಲಾಕ್ಸ್’ ಪಟ್ಟಿಯಲ್ಲಿ ಪಿಐಡಿ ಜಾಗದಲ್ಲಿ -1 ಬರುವುದರಿಂದ ಯಾರು ಹಿಡಿದಿದ್ದಾರೆಂದು ಹುಡುಕುವುದು ಕಿರಿಕಿರಿ.

ನಾಲ್ಕೂ ಕೇಳುವವರಿಗೆ ಮಾತ್ರ ಲಾಕ್. ನ್ಯಾನೋ ಎಡಿಟರಿನಲ್ಲಿ ಫೈಲು ತೆರೆದು ತಿದ್ದುವವರನ್ನು ಯಾವುದೂ ತಡೆಯದು. ಕೇಳದವರನ್ನೂ ತಡೆಯುವ ಕಡ್ಡಾಯ ಲಾಕ್ ಎಂಬುದನ್ನು 2021ರಲ್ಲಿ, 5.15ರಲ್ಲಿ, ಕರ್ನಲ್‌ನಿಂದಲೇ ತೆಗೆದರು. ಬಫರ್ (ಫೈಲಿಗೆ ಇಳಿಯದೆ ಮೆಮೊರಿಯಲ್ಲೇ ಉಳಿದ ಬರಹ) ಇದ್ದರೆ ಎಫ್‌ಫ್ಲಶ್‌ನಿಂದ ಅದನ್ನು ಇಳಿಸಿಯೇ ಲಾಕ್ ಬಿಡಿ. ಹೊಸ ಫೈಲು ಬರೆದು ಹಳೆಯದರ ಮೇಲೆ ರಿನೇಮ್ ಮಾಡುವ ಪ್ರೋಗ್ರಾಮಾದರೆ ಕಾದವನಿಗೆ ಸಿಗುವುದು ಹಳೇ ಐನೋಡಿನ, ಅಂದರೆ ಆ ಹೆಸರು ಕಳಚಿಕೊಂಡ ಹಳೆಯ ಫೈಲಿನ, ಲಾಕ್. ಅದಕ್ಕೆ ಲಾಕ್ ಹಾಕಲೆಂದೇ ಎಂದೂ ಬದಲಾಗದ, ಅಳಿಸದ ಬೇರೊಂದು ಖಾಲಿ ಫೈಲು ಇಟ್ಟುಕೊಳ್ಳಿ.